ಅಣ್ಣನ ಕಾರಿಗೆ ಕ್ಯಾಮು ಆರಿಸಿದ್ದು

ಮೊದಲು ತಪ್ಪೊಪ್ಪಿಗೆ ಮುಗಿಸಿಬಿಡುತ್ತೇನೆ. ಕಾರಿನ ಇಂಜಿನ್ನಿಗೆ ಎಣ್ಣೆ ಬೇಕೆಂಬುದು ನನಗೆ ಗೊತ್ತಿತ್ತು. ಕಡಿಮೆಯಾದಾಗಲೆಲ್ಲ ದೇವರ ದೀಪಕ್ಕೆ ಎರೆಯುವ ಹಾಗೆ ಮೇಲಿನಿಂದ ಒಂದಿಷ್ಟು ಎರೆಯುತ್ತಲೂ ಇದ್ದೆ. ಗೊತ್ತಿಲ್ಲದ್ದು ಒಂದೇ: ಹಳೆಯ ಎಣ್ಣೆಯನ್ನು ಆಗಾಗ ಪೂರ್ತಿ ಬಸಿದು ತೆಗೆದು ಹೊಸತು ತುಂಬಬೇಕಂತೆ. ದೀಪದ ಎಣ್ಣೆಯನ್ನು ಯಾರಾದರೂ ಹಾಗೆ ಬಸಿದು ಚೆಲ್ಲುತ್ತಾರೆಯೇ, ನೀವೇ ಹೇಳಿ. ಈ ತರ್ಕದ ಬಲದ ಮೇಲೆ ನಾನು ನಾಲ್ಕು ವರ್ಷ ಕಾವೂರಿನ ಮನೆಯಿಂದ ಮಣ್ಣಗುಡ್ಡದ ಶಾಲೆಗೆ, ಶಾಲೆಯಿಂದ ಮನೆಗೆ ಕಾರು ಓಡಿಸಿದೆ. ಐದನೆಯ ವರ್ಷ ಇಂಜಿನ್ನಿನ ಒಳಗಿಂದ ಟಿಕ್ ಟಿಕ್ ಎಂದು ಸದ್ದು ಶುರುವಾಯಿತು. ಹಳೆಯ ಗೋಡೆ ಗಡಿಯಾರದ ಸದ್ದಿನ ಹಾಗಿತ್ತು. ನನಗೆ ಅದು ಹಿತವೆನಿಸಿ ಮತ್ತೆ ಒಂದು ತಿಂಗಳು ಹಾಗೆಯೇ ಓಡಿಸಿದೆ.

ಕಾರು ನನ್ನದಲ್ಲ, ನನ್ನ ಅಣ್ಣ ವಸಂತನದು. ವಸಂತಣ್ಣ ಮಸ್ಕತ್ತಿನಲ್ಲಿ ಒಂದು ಕಂಪೆನಿಯ ವ್ಯಾನ್ ಡ್ರೈವರ್. ಇಪ್ಪತ್ತೈದರ ಪ್ರಾಯದಲ್ಲಿ ಹೋದವನು, ಈಗ ಐವತ್ತೆಂಟು. ಯಾವುದೋ ರಜೆಯಲ್ಲಿ ಊರಿಗೆ ಬಂದಾಗ ಈ ಕೆಂಪು ಪುಟ್ಟ ಕಾರನ್ನು ಆಸೆಪಟ್ಟು ಕೊಂಡಿದ್ದ. ವರ್ಷಕ್ಕೆ ಮೂವತ್ತು ದಿನ ಅವನು ಓಡಿಸುವುದು, ಉಳಿದ ದಿನ ಅದು ನಮ್ಮ ಅಂಗಳದಲ್ಲಿ ಹೊದಿಕೆ ಹೊದ್ದು ಮಲಗುವುದು, ಹೀಗೆ ನಡೆದಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಲೈಸೆನ್ಸ್ ಮಾಡಿಸಿಕೊಂಡಾಗ ಅವನೇ ಬೀಗದ ಕೈ ಕೊಟ್ಟು, "ನಿಂತ ಕಾರು ಹಾಳಾಗ್ತದೆ, ಓಡಿಸು" ಎಂದಿದ್ದ. ಓಡಿಸಿಯೂ ಹಾಳು ಮಾಡಬಹುದು ಎಂಬುದು ಆಗ ಇಬ್ಬರಿಗೂ ಹೊಳೆದಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಮ್ಮವರು ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರು, ಕಾರಿನ ವಿಷಯದಲ್ಲಿ ಅವರ ಅಭಿಪ್ರಾಯ ಮೊದಲಿನಿಂದಲೂ ಒಂದೇ: "ನನಗೆ ಬಸ್ಸು ಸಾಕು." ಹಾಗಾಗಿ ಟಿಕ್ ಟಿಕ್ ಹಿಡಿದುಕೊಂಡು ನಾನೊಬ್ಬಳೇ ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋದೆ. ಅಲ್ಲಿ ಹಸನಬ್ಬ ಎಂಬ ಮೆಕ್ಯಾನಿಕ್ ಇದ್ದಾರೆ, ಹಳೆಯ ಕಾರುಗಳಿಗೆ ಅವರೇ ಸರಿ ಎಂದು ಯಾರೋ ಹೇಳಿದ್ದರು.

ಹಸನಬ್ಬರಿಗೆ ಅರವತ್ತು ದಾಟಿದೆ. ಅವರ ಮನೆತನದವರೆಲ್ಲ ಬಟ್ಟೆ, ಚಪ್ಪಲಿ, ಪಾತ್ರೆಗಳ ವ್ಯಾಪಾರಸ್ಥರು. ಇವರೊಬ್ಬರು ಮಾತ್ರ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಲಾಗದೆ ಶಾರ್ಜಾಕ್ಕೆ ಹೋಗಿ, ಅಲ್ಲಿನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಶ್ರೀಮಂತರ ಮಕ್ಕಳ ಕಾರುಗಳನ್ನು ಇನ್ನಷ್ಟು ಜೋರಾಗಿ ಓಡುವ ಹಾಗೆ ಮಾಡಿಕೊಟ್ಟು ಬಂದವರು. ಮೊದಲ ಎರಡು ನಿಮಿಷ ನನ್ನೊಡನೆ ತುಳುವಿನಲ್ಲಿಯೇ ಮಾತಾಡಿದರು. ನಾನು ಕನ್ನಡ ಟೀಚರೆಂದು ಗೊತ್ತಾದೊಡನೆ ನೆಟ್ಟಗೆ ನಿಂತು ಕನ್ನಡಕ್ಕೆ ತಿರುಗಿಬಿಟ್ಟರು. ನನ್ನ ಕೆಲಸದ ಶಾಪವಿದು. ಎಲ್ಲರೂ ನನ್ನೆದುರು ಪರೀಕ್ಷೆಗೆ ಕೂತವರ ಹಾಗೆ ಮಾತಾಡುತ್ತಾರೆ.

ಅವರು ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದರು. ಒಳಗೆ ಕಪ್ಪಗೆ, ಗಟ್ಟಿಯಾಗಿ, ಹೊಳೆಯುತ್ತ ಏನೋ ಅಂಟಿಕೊಂಡಿತ್ತು.

"ಟೀಚರೇ, ಇದೆಂತ? ಎಣ್ಣೆಯಾ, ಹಲ್ವವಾ?"

ಅವರು ಬಟ್ಟೆಯಿಂದ ಒರೆಸಿ ಒರೆಸಿ ಕೊನೆಗೆ ಒಂದು ಉದ್ದದ ಉಕ್ಕಿನ ಸರಳನ್ನು ತೋರಿಸಿದರು. ಸರಳಿನ ಮೇಲೆ ಸಾಲಾಗಿ ಮೊಟ್ಟೆಯಾಕಾರದ ಉಬ್ಬುಗಳು. "ಇದು ಕ್ಯಾಮು. ತಿರುಗುವಾಗ ಈ ಮೊಟ್ಟೆಯ ಚೂಪು ಬಂದು ವಾಲ್ವನ್ನು ಒತ್ತುದು. ಒತ್ತಿದ್ರೆ ಬಾಗಿಲು ತೆರೀತದೆ, ಗಾಳಿ ಪೆಟ್ರೋಲು ಒಳಗೆ ಬರ್ತದೆ. ನಿಮ್ಮದ್ರಲ್ಲಿ ಎರಡು ಮೊಟ್ಟೆ ಸವೆದು ಚಪ್ಪಟೆ ಆಗಿ ಉಂಟು. ಬಾಗಿಲು ಅರ್ಧವೇ ತೆರೆಯುದು. ಅರ್ಧ ಬಾಗಿಲಲ್ಲಿ ಎಷ್ಟು ಜನ ಒಳಗೆ ಬರ್ಲಿಕ್ಕಾಗ್ತದೆ?"

ಇಪ್ಪತ್ತೆಂಟು ವರ್ಷ ಪಾಠ ಮಾಡಿದ ನನಗೆ ಒಳ್ಳೆಯ ಪಾಠ ಕಂಡರೆ ಗೊತ್ತಾಗುತ್ತದೆ. ಅವರು ಹಲ್ವವನ್ನೆಲ್ಲ ಕೆರೆದು ತೆಗೆದು, ಹೊಸ ಎಣ್ಣೆ ತುಂಬಿ, "ಹೊಸ ಕ್ಯಾಮು ಬರುವವರೆಗೆ ಮೆಲ್ಲ ಓಡಿಸಿ, ದೂರ ಹೋಗ್ಬೇಡಿ" ಎಂದು ಕಳಿಸಿದರು. ಮನೆಗೆ ಬಂದು ಅಣ್ಣನಿಗೆ ದನಿ ಸಂದೇಶ ಕಳಿಸಿದೆ: ಕ್ಯಾಮು ಸವೆದಿದೆಯಂತೆ, ಬದಲಿಸಬೇಕಂತೆ, ಕಾರಿಗೂ ವಯಸ್ಸಾಯಿತಲ್ಲ. ಎಣ್ಣೆಯ ಸಂಗತಿಯನ್ನು ವಯಸ್ಸಿನ ಹಿಂದೆ ಅಡಗಿಸಿದೆ. ಅದೇನು ದೊಡ್ಡ ಸುಳ್ಳಲ್ಲ, ಗ್ರಂಥಸಂಪಾದನೆಯಲ್ಲಿ ಒಂದು ಸಾಲು ಬಿಟ್ಟುಹೋದ ಹಾಗೆ ಎಂದು ಸಮಾಧಾನ ಮಾಡಿಕೊಂಡೆ.

ಅವನ ಉತ್ತರ ಬಂತು, ನಾಲ್ಕು ನಿಮಿಷದ್ದು. ಸಾಮಾನ್ಯವಾಗಿ ಅವನ ಸಂದೇಶಗಳು "ಊಟ ಆಯ್ತಾ, ನನ್ನದಾಯ್ತು" ಎಂಬಲ್ಲಿಗೆ ಮುಗಿಯುವಂಥವು. ಈ ಸಲ ಮಾತ್ರ ಅವನ ದನಿಯೇ ಬೇರೆಯಾಗಿತ್ತು. ಹೇಗೂ ಬಿಚ್ಚುತ್ತಾರಲ್ಲ, ಮೊದಲಿನಂಥದ್ದೇ ಹಾಕಿಸಬೇಡ, ಪರ್ಫಾರ್ಮೆನ್ಸ್ ಕ್ಯಾಮು ಹಾಕಿಸು. ಮೊಟ್ಟೆ ದೊಡ್ಡದಿರುತ್ತದೆ, ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ, ಇಂಜಿನ್ನಿಗೆ ಶಕ್ತಿ ಬರುತ್ತದೆ. ಇನ್ನು ಮೂರು ತಿಂಗಳಿಗೆ ನಾನು ಕೆಲಸ ಬಿಟ್ಟು ಊರಿಗೇ ಬಂದುಬಿಡುತ್ತೇನೆ, ಅಷ್ಟರಲ್ಲಿ ಆಗಬೇಕು. ಹಸನಬ್ಬರ ನಂಬರು ಕಳಿಸು.

ಅಲ್ಲಿಂದ ನನ್ನ ಗೊಂದಲದ ಅಧ್ಯಾಯ ಶುರು.

ಇಂಥ ಕ್ಯಾಮನ್ನು ಬೇಕಾದ ಆಕಾರಕ್ಕೆ ಮಸೆದು ಕೊಡುವವರು ಕೊಯಮತ್ತೂರಿನಲ್ಲಿ ಇದ್ದಾರಂತೆ. ಅವರು ಹಸನಬ್ಬರಿಗೆ ಒಂದು ಪಟ್ಟಿ ಕಳಿಸಿದರು, ಹಸನಬ್ಬರು ಅದನ್ನು ನನಗೆ ಕಳಿಸಿದರು. ಪಟ್ಟಿಯಲ್ಲಿ ಮೂರು ಕ್ಯಾಮುಗಳು: ಇನ್ನೂರೈವತ್ತಾರು ಡಿಗ್ರಿ, ಇನ್ನೂರರವತ್ತೆಂಟು ಡಿಗ್ರಿ, ಇನ್ನೂರೆಂಬತ್ತನಾಲ್ಕು ಡಿಗ್ರಿ. ಅಣ್ಣ ನೋಡಿದವನೇ ಕೊನೆಯದು, ಎಲ್ಲಕ್ಕಿಂತ ದೊಡ್ಡದು ಬೇಕೆಂದ. ನಮ್ಮ ಮನೆಯಲ್ಲಿ ಡಿಗ್ರಿಯೆಂದರೆ ಎರಡೇ, ಕಾಲೇಜಿನದು ಮತ್ತು ಜ್ವರದ್ದು. ನೂರ ನಾಲ್ಕು ದಾಟಿದ್ದನ್ನು ನಾನು ಕಂಡಿಲ್ಲ. ಇನ್ನೂರೆಂಬತ್ತನಾಲ್ಕು ಡಿಗ್ರಿ ಬಂದವನು ಬದುಕಿ ಓಡಾಡುವುದು ಹೇಗೆ? ಬಾಗಿಲು ತೆರೆದಿರುವ ಅವಧಿಯನ್ನು ಹೀಗೆ ಡಿಗ್ರಿಯಲ್ಲಿ ಅಳೆಯುವುದು ಎಂದು ಹಸನಬ್ಬರು ವಿವರಿಸಿದರು. ಚಕ್ರಗಳಿಗೆ ಬಲ ಕೊಡುವ ಕೆಳಗಿನ ಸರಳು, ಅಂದರೆ ಕ್ರ್ಯಾಂಕು, ಎರಡು ಸುತ್ತು ಹೋಗುವಾಗ ಮೇಲಿನ ಕ್ಯಾಮು ಒಂದು ಸುತ್ತು, ಆದರೆ ಡಿಗ್ರಿಯ ಲೆಕ್ಕ ಕ್ಯಾಮಿನದ್ದಲ್ಲ, ಕ್ರ್ಯಾಂಕಿನದ್ದು. ಅಲ್ಲಿಗೆ ನನ್ನ ಬುದ್ಧಿ ಕೈಬಿಟ್ಟಿತು, ತಲೆ ಮಾತ್ರ ಹೂಂ ಹೂಂ ಎಂದು ಆಡುತ್ತಲೇ ಇತ್ತು. ನನ್ನ ತರಗತಿಯ ಹಿಂದಿನ ಬೆಂಚಿನವರು ಇಷ್ಟು ವರ್ಷ ಹಾಗೆ ತಲೆಯಾಡಿಸಿದ್ದು ಏಕೆಂದು ಆಗ ತಿಳಿಯಿತು.

ಒಂದು ಕಡೆ ಮಾತ್ರ ನಾನು ಮಿಂಚಿದೆ. ದೊಡ್ಡ ಕ್ಯಾಮಿನಲ್ಲಿ ಹೊಗೆ ಹೊರಹೋಗುವ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಗಾಳಿ ಒಳಬರುವ ಬಾಗಿಲು ತೆರೆದುಕೊಳ್ಳುತ್ತದಂತೆ. ಎರಡೂ ಬಾಗಿಲು ಒಂದಿಷ್ಟು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಇಂಜಿನ್ ಜೋರಾಗಿ ತಿರುಗುವಾಗ ಅದರಿಂದ ಲಾಭ, ಮೆಲ್ಲ ತಿರುಗುವಾಗ ನಷ್ಟ. ಅರೆ, ಇದು ಸಂಧಿಯಲ್ಲವೇ! 'ಊರು' ಎಂಬುದರ ಕೊನೆಯ ಸ್ವರ ಹೊರಗೆ ಹೋಗುವ ಮೊದಲೇ 'ಅಲ್ಲಿ' ಎಂಬುದು ಒಳಗೆ ಕಾಲಿಟ್ಟು 'ಊರಲ್ಲಿ' ಆಗುತ್ತದೆ. ಗಡಿಬಿಡಿಯಲ್ಲಿ ಮಾತಾಡುವವನಿಗೆ ಅದರಿಂದ ಅನುಕೂಲ, ಅಕ್ಷರಕ್ಕೆ ಬೆರಳಿಟ್ಟು ಓದುವ ಮಗುವಿಗೆ ತೊಡಕು. ಇದನ್ನು ಹೇಳಿದಾಗ ಹಸನಬ್ಬರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಟೀಚರೇ, ಶಾರ್ಜಾದಲ್ಲಿ ಇಂಜಿನಿಯರುಗಳಿಗೂ ಹೀಗೆ ಹೇಳ್ಲಿಕ್ಕೆ ಬರ್ತಿರ್ಲಿಲ್ಲ" ಎಂದರು. ಆ ಹೆಮ್ಮೆ ಐದು ನಿಮಿಷ ಬಾಳಿತು. ಪಟ್ಟಿಯಲ್ಲಿ ಪಕ್ಕದ ಸಾಲಿನಲ್ಲಿ ಇನ್ನೊಂದು ಅಂಕಿ ಇತ್ತು, ಡಿಗ್ರಿ ಏರಿದ ಹಾಗೆ ಅದು ಇಳಿಯುತ್ತಿತ್ತು. ಅದೇನೆಂದು ಕೇಳಿದೆ. ಅವರು ಹೇಳಿದರು. ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊಬೈಲಿನಲ್ಲಿ ಹುಡುಕಿದೆ. ಯಾವ ಯಾವುದೋ ದೇಶದ ಗಂಡಸರು ಗ್ಯಾರೇಜುಗಳಲ್ಲಿ ನಿಂತು ಇಂಜಿನ್ನಿನ ಸದ್ದಿಗಿಂತ ಜೋರಾಗಿ ಕೂಗುತ್ತಿದ್ದರು. ಒಬ್ಬ ದೊಡ್ಡದೇ ಸರಿ ಎನ್ನುತ್ತಾನೆ, ಇನ್ನೊಬ್ಬ ದೊಡ್ಡದು ಹಾಕಿಸುವವನು ಮೂರ್ಖ ಎನ್ನುತ್ತಾನೆ. ಒಂದು ಮಾತಿನಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದರು: ನಿಮಗೆ ಏನು ಬೇಕೆಂದು ಮೊದಲು ನೀವು ಪ್ರಾಮಾಣಿಕವಾಗಿ ತಿಳಿದುಕೊಳ್ಳಿ. ಸೀರೆ ಅಂಗಡಿಯಲ್ಲಿಯೇ ಇದು ನನ್ನಿಂದ ಸಾಧ್ಯವಾದದ್ದಿಲ್ಲ.

ಹಸನಬ್ಬರ ವಿಧಾನ ಬೇರೆಯಿತ್ತು. ಅವರು ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಒಂದು ಮೀಟರು ಅಂಟಿಸಿ, "ಒಂದು ವಾರ ನಿಮ್ಮ ಹಾಗೆಯೇ ಓಡಿಸಿ. ಮುಳ್ಳು ಎಲ್ಲಿವರೆಗೆ ಹೋಗ್ತದೆ ನೋಡಿ ಬರೆದು ತನ್ನಿ" ಎಂದರು. ನಾನು ಪ್ರಾಮಾಣಿಕವಾಗಿ ಬರೆದುಕೊಂಡು ಹೋದೆ. ಸೋಮವಾರ ಎರಡು ಸಾವಿರದ ಇನ್ನೂರು. ಮಂಗಳವಾರ ಎರಡು ಸಾವಿರ. ಗುರುವಾರ ಕುಂಟಿಕಾನದಲ್ಲಿ ಸಿಟಿ ಬಸ್ಸಿನವನು ಹಿಂದಿನಿಂದ ಹಾರ್ನ್ ಹೊಡೆದು ಅಟ್ಟಿಸಿಕೊಂಡು ಬಂದಾಗ ಮೂರು ಸಾವಿರದ ನೂರು, ಅದೂ ಗಾಬರಿಯಲ್ಲಿ.

ಹಸನಬ್ಬರು ಚೀಟಿಯನ್ನು ಎರಡು ಸಲ ಓದಿದರು. "ಟೀಚರೇ, ನೀವು ಕಾರು ಓಡಿಸುದಲ್ಲ. ಕಾರನ್ನು ಕೈಹಿಡ್ದು ನಡೆಸಿಕೊಂಡು ಹೋಗುದು."

"ಅದರಿಂದ ಎಂತ?"

"ನಿಮ್ಮ ಅಣ್ಣ ಹೇಳುವ ಇನ್ನೂರೆಂಬತ್ತನಾಲ್ಕು ಉಂಟಲ್ಲ, ಅದಕ್ಕೆ ಜೀವ ಬರುದೇ ನಾಲ್ಕು ಸಾವಿರದ ನಂತರ. ನೀವು ಎರಡು ಸಾವಿರದಲ್ಲಿ ಇಳಿದು ಮನೆಗೆ ಹೋಗ್ತೀರಿ."

ಆ ದಿನ ಅವರ ಶೆಡ್ಡಿನಲ್ಲಿ ಅಂಥದ್ದೇ ದೊಡ್ಡ ಕ್ಯಾಮು ಹಾಕಿದ ಒಂದು ಕಾರು ನಿಂತಿತ್ತು. ನನಗೆ ತೋರಿಸಲೆಂದು ಸ್ಟಾರ್ಟ್ ಮಾಡಿದರು. ನಿಂತಲ್ಲಿಯೇ ಅದು ಗಡ್... ಗಡ್ ಗಡ್... ಗಡ್ ಎಂದು ನಡುಗುತ್ತಿತ್ತು, ಇನ್ನೇನು ನಿಂತೇಹೋಯಿತು ಎನ್ನುವಾಗ ಮತ್ತೆ ಗಡ್. ನನ್ನನ್ನು ಕೂರಿಸಿಕೊಂಡು ಕಡಲ ಕಡೆಯ ರಸ್ತೆಗೆ ಹೋದರು. ಮುಂದೆ ಒಂದು ಮೀನಿನ ಟೆಂಪೋ ಹೋಗುತ್ತಿತ್ತು. ಅದರ ಹಿಂದೆ ತೆವಳುವಾಗ ಈ ಕಾರು ಕೆಮ್ಮಿತು, ಕುಂಟಿತು, ಎರಡು ಸಲ ಪೂರ್ತಿ ಬಂದ್ ಆಯಿತು. ಟೆಂಪೋ ಎಡಕ್ಕೆ ತಿರುಗಿ ರಸ್ತೆ ಖಾಲಿಯಾದೊಡನೆ ಹಸನಬ್ಬರು ಕಾಲೊತ್ತಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಯಾರೋ ಹಿಂದಿನಿಂದ ದಬ್ಬಿದ ಹಾಗಾಯಿತು. ತೆಂಗಿನ ಮರಗಳೆಲ್ಲ ಒಂದೇ ಮರವಾದವು. ನನ್ನ ಬಾಯಿಂದ ಬಂದ ಸದ್ದು ಯಾವ ಭಾಷೆಯದ್ದೂ ಆಗಿರಲಿಲ್ಲ.

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗದು ಬಹಳ ಹಿಡಿಸಿತ್ತು. ಬೆಳಿಗ್ಗೆ ಚಿಕ್ಕದೇ ಸಾಕು ಎಂದುಕೊಂಡು ಹೋದವಳು ಮಧ್ಯಾಹ್ನ ದೊಡ್ಡದೇ ಬೇಕೆಂದುಕೊಂಡು ಬಂದೆ, ಸಂಜೆ ಕೊಟ್ಟಾರದ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತಾಗ ನಡುವಿನದ್ದಕ್ಕೆ ಇಳಿದೆ. ನಮ್ಮಂಥ ಮಧ್ಯಮವರ್ಗದವರಿಗೆ ನಡುವಿನದ್ದು ಇರುವುದೇ ಅದಕ್ಕೆ. ಹಸನಬ್ಬರಿಗೆ ಫೋನು ಮಾಡಿ, "ಇನ್ನೂರರವತ್ತೆಂಟು ಆಗಬಹುದಾ?" ಎಂದೆ.

"ಆಗಬಹುದು. ಆದರೆ ಮೊದಲು ಒಂದು ಹೇಳಿ. ಇನ್ನು ಮುಂದೆ ಕಾರು ಓಡಿಸುದು ಯಾರು? ನೀವಾ, ಅಣ್ಣನಾ? ಇಬ್ಬರಿಗೂ ಒಂದೇ ಕ್ಯಾಮು ಆಗುದಿಲ್ಲ."

ಇದು ಎಲ್ಲಕ್ಕಿಂತ ಸುಲಭದ ಪ್ರಶ್ನೆ ಎಂದುಕೊಂಡೆ. ಶುಕ್ರವಾರ ಅಣ್ಣನಿಗೆ ರಜೆ. ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ, ಮೈದಾನದ ಮೂಲೆಯಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಕೂತು, ಅವನಿಗೆ ವಿಡಿಯೋ ಕರೆ ಮಾಡಿದೆ. ನಾವು ಆಡಿದ್ದು ತುಳುವಿನಲ್ಲಿ, ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಣ್ಣ, ಹಸನಬ್ಬರು ಕೇಳ್ತಾರೆ, ಓಡಿಸುದು ನೀನಾ ನಾನಾ ಅಂತ."

"ಅದೆಂತ ಪ್ರಶ್ನೆ? ಕಾರು ಯಾರದ್ದು?"

"ನಿನ್ನದು. ಹಾಗಾದ್ರೆ ನೀನೇ ಓಡಿಸ್ತಿ ಅಂತ ಹೇಳ್ಲಾ?"

ಅವನು ಮೊಬೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಇಬ್ಬರೂ ಓಡಿಸ್ತಾರೆ ಅಂತ ಹೇಳು."

"ಹಾಗೆ ಆಗುದಿಲ್ಲವಂತೆ. ಒಬ್ಬರ ಹೆಸರು ಹೇಳ್ಬೇಕಂತೆ."

"ಎಂತ ಮದುವೆ ಕಾಗದವಾ ಅದು, ಹೆಸರು ಹಾಕ್ಲಿಕ್ಕೆ?" ಎಂದು ನಕ್ಕ. ನಾನೂ ನಕ್ಕೆ. ನಗು ಮುಗಿದ ಮೇಲೆ ಅವನು ಹೇಳಿದ: "ಶಶಿ, ನಿನ್ನ ಹೆಸರೇ ಹೇಳು. ನನಗೆ ಇನ್ನು ಓಡಿಸ್ಲಿಕ್ಕೆ ಆಗುದಿಲ್ಲ."

ಕಂಪೆನಿಯವರು ಡ್ರೈವರುಗಳ ಕಣ್ಣು ಪರೀಕ್ಷೆ ಮಾಡಿಸಿದ್ದರಂತೆ. ಒಂದು ಪೆಟ್ಟಿಗೆಯೊಳಗೆ ಮುಖವಿಟ್ಟು ಕೂರಬೇಕು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಡುವಿನ ಚುಕ್ಕೆಗಳಿಗೆಲ್ಲ ಅವನು ಸರಿಯಾಗಿ ಒತ್ತಿದ್ದ. "ಬದಿಯಲ್ಲೂ ಬಂದಿತ್ತು ಅಂತ ಅವರು ಹೇಳುದು. ನನಗೆ ಒಂದೂ ಕಾಣ್ಲಿಲ್ಲ ಮಾರಾಯ್ತಿ. ನೇರ ಎಲ್ಲ ಕಾಣ್ತದೆ, ನಿನ್ನ ಮುಖ ಕಾಣ್ತದೆ, ಪೇಪರು ಓದ್ತೇನೆ. ಬದಿ ಇಲ್ಲ. ಕೊಳವೆಯಲ್ಲಿ ನೋಡಿದ ಹಾಗೆ." ಕಣ್ಣಿನ ಒಳಗಿನ ಒತ್ತಡ ಏರಿ ನರ ಹಾಳಾಗಿದೆಯಂತೆ, ಹೋದದ್ದು ವಾಪಸು ಬರುವುದಿಲ್ಲ, ಇದ್ದದ್ದು ಉಳಿಯಲು ದಿನಕ್ಕೆ ಎರಡು ಸಲ ಮದ್ದು ಬಿಡಬೇಕಂತೆ. ಎಂಟು ತಿಂಗಳಿನಿಂದ ಅವನು ವ್ಯಾನಿನಲ್ಲಿ ಇರಲೇ ಇಲ್ಲ. ಗೋದಾಮಿನಲ್ಲಿ ಟಯರು ಎಣಿಸುವ ಕೆಲಸಕ್ಕೆ ಹಾಕಿದ್ದರು.

ಕಳೆದ ರಜೆಯಲ್ಲಿ ಬಂದಿದ್ದಾಗ ಅವನು ನಮ್ಮ ಅಡುಗೆಮನೆಯ ಬಾಗಿಲಿಗೆ ಎರಡು ಸಲ ಹೆಗಲು ತಾಗಿಸಿಕೊಂಡಿದ್ದ. "ಗಲ್ಫಿನ ಊಟದಲ್ಲಿ ಅಗಲ ಆಗಿದ್ದಿ" ಎಂದು ನಾನು ನಕ್ಕಿದ್ದೆ. ಆ ಬಾಗಿಲು ಈಗ ನೆನಪಾಯಿತು. ಅಷ್ಟು ದೊಡ್ಡ ಗುಟ್ಟನ್ನು ಅವನು ನನ್ನ ಮುಂದೆ ಇಟ್ಟಿದ್ದಾನೆ, ನಾನೂ ಏನಾದರೂ ಇಡದೆ ಹೋದರೆ ಸಲ್ಲದು ಎಂದು ಅನ್ನಿಸಿತು.

"ಅಣ್ಣ, ನಾನೂ ಒಂದು ಹೇಳ್ಬೇಕು. ಕ್ಯಾಮು ವಯಸ್ಸಾಗಿ ಸವೆದದ್ದಲ್ಲ. ನಾನು ಎಣ್ಣೆ ಬದಲಿಸ್ಲೇ ಇಲ್ಲ."

"ಯಾವಾಗಿಂದ?"

"ನೀನು ಕೀ ಕೊಟ್ಟಾಗಿಂದ."

"ನಾಲ್ಕು ವರ್ಷ?" ಅವನ ಮುಖ ಪರದೆಯ ತುಂಬ ಬಂತು. "ನಾಲ್ಕು ವರ್ಷ ಎಣ್ಣೆ ಬದಲಿಸ್ಲಿಲ್ವಾ! ಶಶಿ, ನಿನಗೆ ತಲೆ ಉಂಟಾ? ಮಕ್ಕಳಿಗೆ ಪಾಠ ಮಾಡುವವಳು ನೀನು!"

ತನ್ನ ಕಣ್ಣಿನ ಬಗ್ಗೆ ಹೇಳುವಾಗ ಅವನ ದನಿ ಇಷ್ಟು ನಡುಗಿರಲಿಲ್ಲ. ಬಿಡುವು ಮುಗಿದ ಗಂಟೆ ಬಾರಿಸುವವರೆಗೂ ಬೈದ. ನಾನು ಬೈಸಿಕೊಂಡೆ. ಇಬ್ಬರಿಗೂ ಅದರಿಂದ ಒಳ್ಳೆಯದಾಯಿತು ಎಂದು ಕಾಣುತ್ತದೆ, ಏಕೆಂದರೆ ಕರೆ ಮುಗಿಸುವಾಗ ಅವನ ದನಿ ಮೊದಲಿನ ಹಾಗಾಗಿತ್ತು.

ತರಗತಿಗೆ ಹೋದವಳು ಏನು ಪಾಠ ಮಾಡಿದೆನೋ ತಿಳಿಯದು. ಸಂಜೆ ಉಳ್ಳಾಲಕ್ಕೇ ಹೋಗಿ ಹಸನಬ್ಬರಿಗೆ ಎಲ್ಲವನ್ನೂ ಹೇಳಿದೆ. ಅವರು ಕೈ ಒರೆಸುತ್ತ ಕೇಳಿದರು. ಕೊನೆಗೆ ನಾನು, "ಇನ್ನೂರೆಂಬತ್ತನಾಲ್ಕೇ ತರಿಸಿಬಿಡಿ. ಓಡಿಸ್ಲಿಕ್ಕಂತೂ ಆಗುದಿಲ್ಲ, ಪಾಪ, ಅವನಿಗೆ ಬೇಕಾದದ್ದಾದರೂ ಇರಲಿ" ಎಂದೆ.

"ಪಾಪ ಅಂತ ಕ್ಯಾಮು ಹಾಕ್ಲಿಕ್ಕಾಗುದಿಲ್ಲ ಟೀಚರೇ."

ಅವರು ಹಾಗೆ ಹೇಳಿದ್ದು ನನಗೆ ಒರಟೆನಿಸಿತು. ಅದು ಅವರಿಗೂ ಗೊತ್ತಾಯಿತೇನೋ, ಪಕ್ಕದ ಹೋಟೆಲಿನಿಂದ ಚಾ ತರಿಸಿದರು. ಚಾ ಕುಡಿಯುತ್ತ ನಿಧಾನವಾಗಿ ಕೇಳಿದರು: "ಅವರಿಗೆ ನಿಜವಾಗಿ ಬೇಕಾದ್ದು ಎಂತ? ಸದ್ದಾ? ಸ್ಪೀಡಾ? ಕೇಳಿದ್ದೀರಾ?"

ಕೇಳಿರಲಿಲ್ಲ. ಒಂದು ತಿಂಗಳಿನಿಂದ ಮೂರು ಅಂಕಿಗಳ ಸುತ್ತ ತಿರುಗುತ್ತಿದ್ದೆ, ಎಷ್ಟು ಡಿಗ್ರಿಯೆಂದು ಕೇಳಿದ್ದೆನೇ ಹೊರತು ಏಕೆಂದು ಕೇಳಿರಲಿಲ್ಲ. ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದೆ. ಅವನಿಗೆ ಮೊದಲು ಮುಜುಗರವಾಯಿತು. ಹಸನಬ್ಬರು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, "ನಾಚಿಕೆ ಮಾಡ್ಬೇಡಿ ವಸಂತಣ್ಣ, ಡಾಕ್ಟರ ಹತ್ರ, ಮೆಕ್ಯಾನಿಕ್ಕಿನ ಹತ್ರ ಅಡಗಿಸಿದ್ರೆ ಗುಣ ಆಗುದಿಲ್ಲ" ಎಂದರು. ಆಮೇಲೆ ಅವನು ಹೇಳಿದ. ಅವನ ವ್ಯಾನುಗಳಿಗೆಲ್ಲ ಕಂಪೆನಿಯವರು ವೇಗಕ್ಕೆ ಕಡಿವಾಣ ಹಾಕಿದ್ದರಂತೆ. ಎಂಬತ್ತು ದಾಟುವ ಹಾಗಿಲ್ಲ, ಕಾಲು ಎಷ್ಟೇ ಒತ್ತಲಿ. ಎದುರಿಗೆ ಕಣ್ಣು ಹಾಯುವಷ್ಟೂ ನೇರವಾದ, ಖಾಲಿಯಾದ ಮರುಭೂಮಿಯ ರಸ್ತೆ, ಇವನು ಎಂಬತ್ತರಲ್ಲಿ. ಮೂವತ್ತಮೂರು ವರ್ಷ. "ಒಮ್ಮೆ ಬೆನ್ನು ಸೀಟಿಗೆ ಅಂಟಬೇಕು ಅಂತ ಇತ್ತು. ಅಷ್ಟೇ. ಬೇರೆ ಎಂತ ಇಲ್ಲ."

ಹಸನಬ್ಬರು ಮೊಬೈಲು ನನಗೆ ಕೊಟ್ಟು ಜೋರಾಗಿ ನಕ್ಕರು. "ಅದಾ! ಅದಕ್ಕೆ ದೊಡ್ಡದು ಬೇಡ ಟೀಚರೇ. ಬೆನ್ನು ಅಂಟುದು ನಿಮ್ಮ ಕಾಲು ಒತ್ತಿದ ಹಾಗೆ. ನಿಮ್ಮ ಕಾಲು ಎಷ್ಟು ಒತ್ತುತ್ತದೆ ಅಂತ ನನಗೆ ಗೊತ್ತುಂಟು, ಚೀಟಿ ಉಂಟಲ್ಲ. ಇನ್ನೂರೈವತ್ತಾರು ಹಾಕುವ. ಅದಕ್ಕೆ ಎರಡು ಸಾವಿರದಿಂದಲೇ ಬಲ ಬರ್ತದೆ. ನಮ್ಮ ಊರು ಇಡೀ ಏರು ಇಳಿತ, ಏರಿನಲ್ಲಿ ಕೆಳಗಿನ ಬಲವೇ ಬೇಕಾದ್ದು. ದೊಡ್ಡದು ಹಾಕಿದ್ರೆ ನಿಮ್ಮ 'ಪಾಪ' ಏರಿನಲ್ಲಿ ಬಂದ್ ಆಗಿ ನಿಲ್ತದೆ, ಅವರ ಬೆನ್ನು ಸೀಟಿಗೆ ಅಂಟುದಿಲ್ಲ, ಮೂಗು ಗ್ಲಾಸಿಗೆ ಅಂಟುದು." ಒಂದು ಷರತ್ತು ಮಾತ್ರ ಹಾಕಿದರು: ನಾನು ಒಮ್ಮೆಯಾದರೂ ನಾಲ್ಕು ಸಾವಿರದವರೆಗೆ ಒತ್ತಲು ಕಲಿಯಬೇಕು.

ಕ್ಯಾಮು ಬಂತು, ಕೂತಿತು, ಟಿಕ್ ಟಿಕ್ ನಿಂತಿತು. ಮೂರು ಭಾನುವಾರ ಹಸನಬ್ಬರು ಪಕ್ಕದಲ್ಲಿ ಕೂತು, "ಒತ್ತಿ, ಒತ್ತಿ, ಎಂತ ಆಗುದಿಲ್ಲ, ಒತ್ತಿ" ಎಂದು ಹೇಳಿ ಹೇಳಿ, ಐವತ್ತಮೂರರ ಈ ಕಾಲಿಗೆ ಅಕ್ಷರಾಭ್ಯಾಸ ಮಾಡಿಸಿದರು. ಮೊದಲ ಸಲ ಮುಳ್ಳು ನಾಲ್ಕು ಸಾವಿರ ಮುಟ್ಟಿದಾಗ ನಾನು ಕಣ್ಣು ಮುಚ್ಚಿದೆ. ಅದನ್ನು ಮಾತ್ರ ಮಾಡಬಾರದೆಂದು ಅವರು ತುಸು ಏರುದನಿಯಲ್ಲಿಯೇ ತಿಳಿಸಿದರು.

ವಸಂತಣ್ಣ ಬಂದದ್ದು ಒಂದು ಮಧ್ಯಾಹ್ನ. ವಿಮಾನ ನಿಲ್ದಾಣಕ್ಕೆ ನಾನೇ ಹೋದೆ. ಹೊರಗೆ ಬರುವಾಗ ಅವನು ಜನರ ನಡುವೆ ತಲೆಯನ್ನು ಆಚೆ ಈಚೆ ತಿರುಗಿಸಿ ತಿರುಗಿಸಿ ನಡೆಯುತ್ತಿದ್ದ, ರಸ್ತೆ ದಾಟುವವನ ಹಾಗೆ. ಕಾರಿನ ಹತ್ತಿರ ಬಂದು, ಅಭ್ಯಾಸಬಲದಿಂದ ಬಲಗಡೆಯ ಬಾಗಿಲಿಗೆ ಕೈಹಾಕಿದ. ಒಂದು ಕ್ಷಣ ಹಾಗೆಯೇ ಹಿಡಿದುಕೊಂಡಿದ್ದು, ಆಮೇಲೆ ಆ ಬಾಗಿಲನ್ನು ನನಗಾಗಿ ತೆರೆದುಕೊಟ್ಟು, ಬಾನೆಟ್ಟನ್ನು ಸವರುತ್ತ ಸುತ್ತುಬಳಸಿ ಎಡಕ್ಕೆ ಬಂದು ಕೂತ. ನಾನು ಸರಿಯಾಗಿಯೇ ಇದ್ದ ಕನ್ನಡಿಯನ್ನು ಮತ್ತೆ ಸರಿಮಾಡಿದೆ. ಅವನೂ ಬೆಲ್ಟು ಹಾಕಿಕೊಳ್ಳುವುದರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

ಗುಡ್ಡ ಇಳಿದು ಮರವೂರಿನ ಸೇತುವೆ ದಾಟಿದೆವು. ಮುಂದೆ ಕಾವೂರಿನ ಕಡೆಗೆ ಏರು. ಅದೃಷ್ಟಕ್ಕೆ ಮುಂದೆ ಯಾವ ಬಸ್ಸೂ ಇಲ್ಲ, ಹಿಂದೆಯೂ ಇಲ್ಲ. ಎರಡನೆಯ ಗೇರಿಗೆ ಇಳಿಸಿ ಒತ್ತಿದೆ. ಮೂರು ಸಾವಿರ, ಮೂರೂವರೆ. ಇಂಜಿನ್ನಿನ ದನಿ ಏರಿತು, ಕಾರು ಮೂತಿ ಎತ್ತಿ ಏರನ್ನು ಹತ್ತಿತು, ಹಿಂದಿನ ಸೀಟಿನಲ್ಲಿದ್ದ ಅವನ ಪೆಟ್ಟಿಗೆ ಧಡ್ ಎಂದು ಹಿಂದಕ್ಕೆ ಕೂತಿತು. ಅವನ ಬೆನ್ನು ಸೀಟಿಗೆ ಅಂಟಿದ್ದನ್ನು ಓರೆಗಣ್ಣಿನಿಂದ ನೋಡಿದೆ.

"ಮೆಲ್ಲ! ಮೆಲ್ಲ ಹೋಗು ಮಾರಾಯ್ತಿ, ಜೀವ ತೆಗೀತಿಯಾ!" ಎಂದು ಕೂಗಿದ ನನ್ನಣ್ಣ. ವೇಗವಾಗಿ ಹೋಗುತ್ತಿದ್ದೆವೆಂದಲ್ಲ, ವೇಗದ ಮುಳ್ಳು ಐವತ್ತೈದು ದಾಟಿರಲಿಲ್ಲ. ಮೂವತ್ತಮೂರು ವರ್ಷ ಸ್ಟಿಯರಿಂಗ್ ಹಿಡಿದವನು ಪಕ್ಕದ ಸೀಟಿನಿಂದ ರಸ್ತೆ ನೋಡಿದ್ದು ಅದೇ ಮೊದಲು, ಪಾಪ. ಮನೆಯ ಮುಂದೆ ಇಳಿಯುವಾಗ ಮಾತ್ರ, "ನಾಳೆ ಇನ್ನೊಮ್ಮೆ ಆ ಏರಿಗೆ ಹೋಗುವನಾ?" ಎಂದು ಕೇಳಿದ.

ಇನ್ನೂರೆಂಬತ್ತನಾಲ್ಕು ಅಲ್ಲವೆಂದು ತಿಳಿದಾಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ನ್ಯಾಯ ಕೇಳುತ್ತೇನೆಂದು ಉಳ್ಳಾಲಕ್ಕೆ ಕರೆದುಕೊಂಡು ಹೋಗಲು ಹೇಳಿದ. ಅವನೂ ಹಸನಬ್ಬರೂ ತುಳು, ಹಿಂದಿ, ಅರಬ್ಬೀ ಮೂರನ್ನೂ ಕಲಸಿ ಒಂದು ಗಂಟೆ ಜಗಳಾಡಿದರು. ಯಾರು ಗೆದ್ದರೆಂದು ನನಗೆ ತಿಳಿಯಲಿಲ್ಲ. ಈಗ ವಾರಕ್ಕೆ ಮೂರು ದಿನ ಅವನು ಅಲ್ಲಿಗೇ ಹೋಗುತ್ತಾನೆ, ಬಸ್ಸಿನಲ್ಲಿ. ಬಿಚ್ಚಿದ ಇಂಜಿನ್ನು ಕಣ್ಣಿನ ನೇರಕ್ಕೇ ಇರುತ್ತದಲ್ಲ, ಅದಕ್ಕೆ ಬದಿಯ ನೋಟ ಬೇಡ.

ನನ್ನ ಗೊಂದಲವೆಲ್ಲ ಬಗೆಹರಿಯಿತೇ ಎಂದು ಕೇಳಬೇಡಿ. ಕೊಟ್ಟಾರದಲ್ಲಿ ಸಾಲುಗಟ್ಟಿ ನಿಂತಾಗ ಚಿಕ್ಕದೇ ಸರಿಯಾಯಿತು ಎನ್ನಿಸುತ್ತದೆ, ಭಾನುವಾರದ ಖಾಲಿ ರಸ್ತೆಯಲ್ಲಿ ನಡುವಿನದ್ದಾದರೂ ಹಾಕಿಸಬಹುದಿತ್ತಲ್ಲ ಎನ್ನಿಸುತ್ತದೆ. ಆರಿಸಿದ ಮೇಲೂ ಆರಿಸುತ್ತಲೇ ಇರುವವರ ಜಾತಿ ನನ್ನದು. ಅಣ್ಣನಿಗೆ ಇಂಥ ಸಂಶಯಗಳಿಲ್ಲ. ಪಕ್ಕದಲ್ಲಿ ಕೂತು ಇಂಜಿನ್ನಿನ ದನಿಗೆ ಕಿವಿಗೊಟ್ಟು, "ಮೂರನೆಯ ಗೇರು... ಇನ್ನೂ ಬೇಡ, ಇನ್ನೂ ಬೇಡ... ಈಗ ಹಾಕು" ಎನ್ನುತ್ತಾನೆ. ಒಂದು ಸಲವೂ ತಪ್ಪುವುದಿಲ್ಲ. ಹೀಗೆ ರಸ್ತೆಯನ್ನು ನಾನು ನೋಡಿಕೊಳ್ಳುತ್ತೇನೆ, ಇಂಜಿನ್ನನ್ನು ಅವನು ನೋಡಿಕೊಳ್ಳುತ್ತಾನೆ. ಸ್ಪೀಡ್ ಬ್ರೇಕರನ್ನು ಮಾತ್ರ ಮಾತಿನ ಭರದಲ್ಲಿ ಇಬ್ಬರೂ ನೋಡುವುದಿಲ್ಲ. ಅದನ್ನು ಹಿಂದಿನ ಸೀಟಿನಲ್ಲಿರುವ ನಮ್ಮವರು ನೋಡುತ್ತಾರೆ, ತಲೆ ಚಾವಣಿಗೆ ಬಡಿದ ಮೇಲೆ.